ಎಪ್ಪತ್ತೆಂಟು ಅಡಿಯಲ್ಲಿ ನಿಂತ ಧೂಳು

ನಿಲ್ಲಿಸಬೇಕಾಗಿದ್ದ ಕಂಪ್ರೆಸರನ್ನು ನಾನು ನಿಲ್ಲಿಸಲಿಲ್ಲ. ಮಿಕ್ಕಿದ್ದೆಲ್ಲ ಅದರ ನಂತರದ್ದು, ಆದ್ದರಿಂದ ಅದನ್ನೇ ಮೊದಲು ಬರೆದುಬಿಡುತ್ತೇನೆ.

ಅದು 1998ನೇ ಇಸವಿಯ ಬೇಸಿಗೆ. ಮೈಸೂರಿನ ಒಂದು ಬೋರ್‌ವೆಲ್ ರಿಗ್‌ನಲ್ಲಿ ನಾನು ಡ್ರಿಲ್ಲರ್ ಆಗಿದ್ದೆ. ಏಳನೇ ಕ್ಲಾಸು ಮುಗಿಸದೆ ಶಾಲೆ ಬಿಟ್ಟವನು. ರಾಡ್ ಹೊರುವ ಕೂಲಿಯಾಗಿ ಸೇರಿ, ಒಂಬತ್ತು ವರ್ಷಕ್ಕೆ ಲಿವರ್ ಹಿಡಿಯುವ ಜಾಗಕ್ಕೆ ಬಂದಿದ್ದೆ. ಅದಕ್ಕೂ ಮೊದಲು ನಮ್ಮಣ್ಣ ಮಾದಪ್ಪನ ಜೊತೆ ಬಾವಿ ಕೆಲಸ ಮಾಡುತ್ತಿದ್ದೆ. ನಮ್ಮಪ್ಪನೂ ಬಾವಿ ತೋಡುತ್ತಿದ್ದವನೇ. ಆ ಕೆಲಸ ಬಿಟ್ಟು ರಿಗ್ ಸೇರಿದ ದಿನದಿಂದ ಅಣ್ಣ ನನ್ನ ಹತ್ತಿರ ಸರಿಯಾಗಿ ಮಾತಾಡಿರಲಿಲ್ಲ.

ನಮ್ಮ ಊರಿನ ನೆಲದ ಬಗ್ಗೆ ಸ್ವಲ್ಪ ಹೇಳಬೇಕು. ಮೇಲೆ ಕೆಂಪು ಮಣ್ಣು. ಅದರ ಕೆಳಗೆ ಇಪ್ಪತ್ತು ಮೂವತ್ತು ಅಡಿ, ಕಲ್ಲು ಕೊಳೆತು ಮಣ್ಣಾಗುತ್ತಿರುವ ಪದರ. ಕೈಯಲ್ಲಿ ಹಿಡಿದು ಅಮುಕಿದರೆ ಪುಡಿಯಾಗುತ್ತದೆ. ಅದರ ಕೆಳಗೆ ಗಟ್ಟಿ ಬಂಡೆ. ಬಂಡೆಯೊಳಗೆ ಗಂಗೆ ಹೊಳೆಯ ಹಾಗೆ ಹರಿಯುತ್ತಾಳೆ ಎಂದು ಬೋರ್ ಹಾಕಿಸುವವರು ನಂಬಿರುತ್ತಾರೆ. ಹಾಗೇನೂ ಇಲ್ಲ. ಬಂಡೆಯಲ್ಲಿ ಅಲ್ಲಲ್ಲಿ ಬಿರುಕುಗಳಿವೆ, ಕೆಲವು ಬೆರಳು ತೂರುವಷ್ಟು, ಕೆಲವು ಉಗುರು ತೂರದಷ್ಟು. ಮಳೆ ನೀರು ಮಣ್ಣಿನಲ್ಲಿ ಇಳಿದು, ಕೊಳೆತ ಕಲ್ಲಿನಲ್ಲಿ ನಿಂತು, ಈ ಬಿರುಕುಗಳಿಗೆ ಸೇರುತ್ತದೆ. ಬಾವಿಗೆ ಬರುವುದೂ ಆ ನೀರೇ, ಬೋರಿಗೆ ಬರುವುದೂ ಆ ನೀರೇ. ಒಂದು ಬಿರುಕು ಎಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತದೆ ಎಂದು ಮೇಲೆ ನಿಂತವನಿಗೆ ಕಾಣುವುದಿಲ್ಲ.

ರಿಗ್ ಕೆಲಸ ಮಾಡುವುದು ಗಾಳಿಯಿಂದ. ರಾಡಿನ ತುದಿಯಲ್ಲಿ ಹ್ಯಾಮರ್ ಇರುತ್ತದೆ. ಕಂಪ್ರೆಸರ್ ಲಾರಿಯಿಂದ ಗಾಳಿ ರಾಡಿನೊಳಗೆ ಇಳಿದು ಹ್ಯಾಮರನ್ನು ಕುಟ್ಟಿಸುತ್ತದೆ. ಪುಡಿಯಾದ ಕಲ್ಲನ್ನು ಅದೇ ಗಾಳಿ ಹೊತ್ತುಕೊಂಡು ಗುಂಡಿಯ ಬಾಯಿಂದ ಹೊರಗೆ ಎಸೆಯುತ್ತದೆ. ಆ ಗಾಳಿಗೆ ಒಂದು ಚದರ ಅಂಗುಲಕ್ಕೆ ಇನ್ನೂರು ಪೌಂಡಿನ ಒತ್ತಡ. ಗಾಳಿ ತರುವ ಹೋಸು ಪೈಪು ಕಿತ್ತುಕೊಂಡರೆ ನಿಂತ ಆಳನ್ನು ಎತ್ತಿ ಬಿಸಾಡುತ್ತದೆ. ಹಾಗೆ ಪಕ್ಕೆಲುಬು ಮುರಿದುಕೊಂಡವರನ್ನು ಕಣ್ಣಾರೆ ನೋಡಿದ್ದೆ. ಡ್ರಿಲ್ಲರ್ ಆದವನು ನೋಡಬೇಕಾದ್ದು ಒಂದನ್ನೇ: ಗುಂಡಿಯ ಬಾಯಿಂದ ಬರುವ ಧೂಳು. ಧೂಳು ಬರುತ್ತಿದ್ದರೆ ಗಾಳಿ ಹೋದ ದಾರಿಯಲ್ಲೇ ವಾಪಸ್ ಬರುತ್ತಿದೆ. ಧೂಳು ನಿಂತರೆ ಗಾಳಿಗೆ ಬೇರೆ ದಾರಿ ಸಿಕ್ಕಿದೆ.

ಆ ದಿನ ದಟ್ಟಗಳ್ಳಿಯ ಹೊಸ ಬಡಾವಣೆಯ ಒಂದು ಸೈಟಿನಲ್ಲಿ ನಮ್ಮ ಕೆಲಸ. ಸೈಟಿನ ಪಕ್ಕದಲ್ಲೇ, ಬಡಾವಣೆ ಆಗುವ ಮೊದಲಿನ ಹಳೆಯ ತೋಟದ ಬಾವಿ ಇತ್ತು. ಅದರ ಯಜಮಾನರು ಬಸವರಾಜಪ್ಪನವರು ಹೂಳು ತೆಗೆಸಲು ನಮ್ಮಣ್ಣನನ್ನೇ ಕರೆದಿದ್ದರು. ಬಾವಿ ಐವತ್ತು ಅಡಿ ಆಳ. ಮೇಲಿನ ಇಪ್ಪತ್ತು ಅಡಿ ಕಲ್ಲು ಕಟ್ಟಡ, ಕೆಳಗೆ ಬರೀ ಬಂಡೆ. ಬೋರಿಗೆ ಗುರುತು ಮಾಡಿದ್ದ ಪಾಯಿಂಟಿಗೂ ಬಾವಿಗೂ ನಡುವೆ ತೊಂಬತ್ತು ಅಡಿ.

ಬೆಳಿಗ್ಗೆ ಏಳು ಗಂಟೆಗೆ ಅಣ್ಣ ರಿಗ್ ಹತ್ತಿರ ಬಂದ. ಮಧ್ಯಾಹ್ನ ಎರಡು ಗಂಟೆಗೆ ಬಾವಿಯಿಂದ ಮೇಲೆ ಬರುತ್ತೇನೆ, ಅಲ್ಲಿಯ ತನಕ ಶುರು ಮಾಡಬೇಡ ಎಂದ. ಮರುದಿನ ಬೆಳಿಗ್ಗೆ ರಿಗ್ ಕಡಕೊಳದಲ್ಲಿ ನಿಲ್ಲಬೇಕು, ಆಗುವುದಿಲ್ಲ ಎಂದೆ. ಇದು ಒಂದೇ ನೆಲ, ನಿನ್ನ ಗಾಳಿ ನನ್ನ ಬಾವಿಗೆ ಬಂದರೆ ಏನು ಗತಿ ಎಂದು ಕೇಳಿದ. ಬಾವಿ ತೋಡುವವರ ಕಾಲ ಮುಗಿಯಿತು, ಸುಮ್ಮನೆ ಹೋಗಿ ಕೆಸರು ಬಾಚು ಎಂದೆ.

ಅಣ್ಣ ನನ್ನ ಕೆನ್ನೆಗೆ ಬಾರಿಸಿದ. ನಾನು ಅವನ ಬಾಯಿಗೆ ಗುದ್ದಿದೆ. ಇಬ್ಬರೂ ಕೇಸಿಂಗ್ ಪೈಪುಗಳ ಮೇಲೆ ಉರುಳಿದೆವು. ಅವನು ನನ್ನ ಕುತ್ತಿಗೆ ಹಿಡಿದ, ನಾನು ಅವನ ಹೊಟ್ಟೆಗೆ ಮೊಣಕಾಲು ಕೊಟ್ಟೆ. ನಮ್ಮ ಹುಡುಗರು ಬಿಡಿಸುವುದನ್ನು ಬಿಟ್ಟು ನಗುತ್ತಾ ನಿಂತಿದ್ದರು. ಕೊನೆಗೆ ಅಣ್ಣನ ಆಳು ಚಿಕ್ಕಣ್ಣ, ಬಾವಿಯ ದಡದಲ್ಲಿ ಹಗ್ಗ ಹಿಡಿಯುವವನು, ನಮ್ಮನ್ನು ಎಳೆದು ಬೇರೆ ಮಾಡಿದ. ಅಣ್ಣನ ತುಟಿ ಸೀಳಿ ರಕ್ತ ಗದ್ದಕ್ಕೆ ಇಳಿದಿತ್ತು. ಅದನ್ನು ಟವೆಲಿನಲ್ಲಿ ಒರೆಸಿಕೊಂಡು ಅವನು ಹೇಳಿದ್ದು ಇಷ್ಟೇ:

"ಆಯ್ತು, ಹೊಡ್ಕೊ ನಿನ್ ಬೋರು. ಒಂದ್ ಮಾತು ಕೇಳು. ಧೂಳು ಬರೋದು ನಿಂತ್ರೆ ಗಾಳಿ ನಿಲ್ಸ್‌ಬುಡು. ನಾನು ಕೆಳಗಿರ್ತೀನಿ ಕಣೋ ನಂಜ."

"ನಿಲ್ಲಿಸ್ತೀನಿ, ಹೋಗು" ಎಂದೆ.

ಎಂಟೂವರೆಗೆ ಶುರು ಮಾಡಿದೆವು. ಮೂವತ್ತೆರಡು ಅಡಿಗೆ ಗಟ್ಟಿ ಬಂಡೆ ಸಿಕ್ಕಿತು. ಮಣ್ಣು ಕುಸಿಯದಂತೆ ಅಲ್ಲಿಯವರೆಗೆ ಕೇಸಿಂಗ್ ಪೈಪ್ ಇಳಿಸಿ ಮುಂದೆ ಹೊಡೆದೆವು. ಬೂದು ಬಣ್ಣದ ಧೂಳು ಎರಡು ಆಳೆತ್ತರ ಏಳುತ್ತಿತ್ತು. ಇಪ್ಪತ್ತು ಅಡಿಯ ರಾಡುಗಳು, ನಾಲ್ಕನೆಯದು ಮುಗಿಯುತ್ತಾ ಬಂದಿತ್ತು. ಹತ್ತೂವರೆಯ ಸುಮಾರಿಗೆ, ಎಪ್ಪತ್ತೆಂಟು ಅಡಿಯಲ್ಲಿ, ರಾಡು ಒಂದು ಗೇಣು ಸರ್ರನೆ ಇಳಿಯಿತು. ಧೂಳು ನಿಂತಿತು.

ನಾನು ಅದನ್ನು ನೋಡಿದೆ. ಯಾರೋ ಬಾಯಿ ಮುಚ್ಚಿದ ಹಾಗೆ ಗುಂಡಿ ಸುಮ್ಮನಾಯಿತು. ಅಣ್ಣನ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಾತೂ ನೆನಪಾಯಿತು, ಕೆನ್ನೆಯ ಉರಿಯೂ ನೆನಪಾಯಿತು. ಹುಡುಗರು ನನ್ನ ಮುಖ ನೋಡುತ್ತಿದ್ದರು. ಅಣ್ಣನಿಗೆ ಹೆದರಿ ನಿಲ್ಲಿಸಿದ ಎನ್ನುತ್ತಾರೆ ಅನಿಸಿತು. ಪುಡಿ ಕಟ್ಟಿಕೊಂಡಿರಬೇಕು, ಜೋರಾಗಿ ಊದಿದರೆ ಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಕಂಪ್ರೆಸರನ್ನು ಪೂರ್ತಿ ಜೋರು ಮಾಡಲು ಕೈಸನ್ನೆ ಮಾಡಿದೆ.

ಒಂದು ನಿಮಿಷ ಆಗಿರಬಹುದು. ಚಿಕ್ಕಣ್ಣ ಎರಡೂ ಕೈ ಬೀಸುತ್ತಾ ಓಡಿ ಬಂದ. ಬಾಯಿ ಆಡುತ್ತಿತ್ತು, ಆ ಸದ್ದಿನಲ್ಲಿ ಒಂದು ಮಾತೂ ಕೇಳಲಿಲ್ಲ. ಬಂದವನೇ ನೇರವಾಗಿ ಲಿವರಿಗೆ ಕೈ ಹಾಕಿದ. ಬೆಳಗಿನ ಜಗಳ ಮುಂದುವರಿಸಲು ಬಂದ ಎಂದುಕೊಂಡು ಪೈಪ್ ರೆಂಚು ಹಿಡಿದಿದ್ದ ಕೈಯಲ್ಲೇ ಅವನ ಮುಖಕ್ಕೆ ಹೊಡೆದೆ. ಎರಡು ಹಲ್ಲು ಮುರಿದವು. ಅವನು ಬಿದ್ದವನು ಎದ್ದು, ರಕ್ತ ಉಗಿಯುತ್ತಾ, ಮತ್ತೆ ಲಿವರಿಗೇ ಬಂದ. ಮತ್ತೆ ತಳ್ಳಿದೆ. ಮೂರನೇ ಸಲ ಅವನು ನನ್ನ ಕಡೆ ಬರಲಿಲ್ಲ, ಮಣ್ಣಿನಲ್ಲಿ ಕುಳಿತು ಬಾವಿಯ ಕಡೆ ಕೈ ತೋರಿಸಿದ. ಬಾವಿಯ ಬಾಯಿಂದ ಕೆಸರು ನೀರು ಎರಡು ಮಾರು ಎತ್ತರಕ್ಕೆ ಚಿಮ್ಮುತ್ತಿತ್ತು.

ಆಗ ನಿಲ್ಲಿಸಿದೆ.

ಓಡಿ ಹೋಗಿ ಬಗ್ಗಿ ನೋಡಿದರೆ ಬಾವಿ ಕುದಿಯುವ ಹಾಗೆ ಕಾಣುತ್ತಿತ್ತು. ತಳದ ಹತ್ತಿರ ಬಂಡೆಯಲ್ಲಿದ್ದ ಒಂದು ಬಿರುಕನ್ನು ಗಾಳಿ ಒಡೆದು ತೆಗೆದಿತ್ತು. ಅದುರಿದ ಹೊಡೆತಕ್ಕೆ ಮೇಲಿನ ಕಟ್ಟಡದ ಹತ್ತಾರು ಕಲ್ಲುಗಳು ಕಿತ್ತು ಬಿದ್ದಿದ್ದವು. ಅಣ್ಣ ಎದೆಯವರೆಗೆ ಕೆಸರಿನಲ್ಲಿದ್ದ, ಒಂದು ಕೈ ಹಗ್ಗಕ್ಕೆ ಸುತ್ತಿಕೊಂಡಿತ್ತು. ನಾನು ಇಳಿದೆ. ಅವನ ಬಲಗಾಲಿನ ಮೇಲೆ ಕಟ್ಟಡದ ಕಲ್ಲು ಕುಳಿತಿತ್ತು. ಹಾರೆ ಹಾಕಿ ಎತ್ತುವಾಗ ಅವನು ಕೂಗಿದ ಕೂಗು ಬಾವಿಯ ಸುತ್ತಾ ತಿರುಗಿ ನನ್ನ ತಲೆಯ ಮೇಲೇ ಬಿತ್ತು. ಕಲ್ಲಿನ ಕೆಳಗಿನಿಂದ ಬಂದದ್ದನ್ನು ಕಾಲು ಎಂದು ಹೇಳುವ ಹಾಗಿರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಅದೇ ಸಂಜೆ ಮೊಣಕಾಲಿನ ಕೆಳಗೆ ಕತ್ತರಿಸಿದರು. ಇದಿಷ್ಟೇ ಆಗಿದ್ದರೆ ಅಪಘಾತ, ಕೋಪದಲ್ಲಿ ಮಾಡಿದ ತಪ್ಪು ಎನ್ನಬಹುದಿತ್ತು. ನನ್ನ ನಿಜವಾದ ತಪ್ಪು ಆದದ್ದು ಮೂರನೇ ದಿನ, ವಾರ್ಡಿನಲ್ಲಿ.

ಬಸವರಾಜಪ್ಪನವರು ನೋಡಲು ಬಂದಿದ್ದರು. ಅವರಿಗೆ ಬೇಜಾರೂ ಇತ್ತು, ಸಿಟ್ಟೂ ಇತ್ತು. ಬಾವಿ ಹಾಳಾಗಿತ್ತು. ಮಾದಪ್ಪ ಕುಡಿದು ಇಳಿದಿದ್ದ, ಹಾರೆಯಿಂದ ಕಟ್ಟಡದ ಬುಡ ಕೆದಕಿದ್ದ ಎಂದು ನಮ್ಮ ರಿಗ್ ಮಾಲೀಕರು ಅವರಿಗೆ ಹೇಳಿಬಿಟ್ಟಿದ್ದರು. ಅಣ್ಣ ಮಲಗಿದ್ದಲ್ಲಿಂದಲೇ ನಿಧಾನವಾಗಿ ಹೇಳಿದ: ಬಿರುಕಿನಿಂದ ಗಾಳಿ ನುಗ್ಗಿತು, ಬಿಸಿಯಾಗಿತ್ತು, ಎಣ್ಣೆ ವಾಸನೆ ಹೊಡೆಯುತ್ತಿತ್ತು. ಹ್ಯಾಮರ್ ಸವೆಯದಿರಲೆಂದು ಗಾಳಿಯ ಜೊತೆ ನಾವು ಎಣ್ಣೆ ಬಿಡುತ್ತೇವೆ. ಅದು ನನಗೆ ಗೊತ್ತು. ಅಣ್ಣನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವನಿಗೆ ಆ ವಾಸನೆಯನ್ನು ಕಟ್ಟಿ ಹೇಳಲು ಆಗುವುದಿಲ್ಲ.

ಬಸವರಾಜಪ್ಪನವರು ನನ್ನ ಕಡೆ ತಿರುಗಿದರು. "ನೀನು ಮಿಷನ್ ಓಡ್ಸೋನು. ನೀನೇ ಹೇಳಪ್ಪ, ತೊಂಬತ್ತಡಿ ಬಂಡೆ ದಾಟಿ ಗಾಳಿ ಬತ್ತದಾ?"

ಅಣ್ಣ ನನ್ನನ್ನೇ ನೋಡುತ್ತಿದ್ದ. ಬಾಗಿಲ ಹತ್ತಿರ ಚಿಕ್ಕಣ್ಣ, ಬಾಯಿಗೆ ಬಟ್ಟೆ ಒತ್ತಿಕೊಂಡು ನಿಂತಿದ್ದ.

"ಇಲ್ಲ ಯಜಮಾನ್ರೇ. ಬಂಡೇಲಿ ಗಾಳಿ ಹೋಗಲ್ಲ" ಎಂದೆ.

ಅಣ್ಣ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಚಿಕ್ಕಣ್ಣ ನನ್ನ ಕಾಲ ಬಳಿ ಉಗಿದು ಹೊರಗೆ ಹೋದ.

ಒಂದು ವಾರದ ನಂತರ ಅದೇ ಗುಂಡಿಯನ್ನು ಇನ್ನೂರ ಹತ್ತು ಅಡಿಗೆ ಇಳಿಸಿದೆವು. ಎಪ್ಪತ್ತೆಂಟರ ಬಿರುಕಿನಿಂದಲೇ ಎರಡೂವರೆ ಇಂಚು ನೀರು ಬಂತು. ಸೈಟಿನವರು ರಿಗ್ಗಿಗೆ ಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದು, ನನಗೆ ಪಂಚೆ ಶಲ್ಯ ಕೊಟ್ಟರು. ಅವರು ಪಂಪ್ ಇಳಿಸಿ ಎರಡು ತಿಂಗಳಿಗೆ ಬಸವರಾಜಪ್ಪನವರ ಬಾವಿ ಒಣಗಿತು. ಎರಡಕ್ಕೂ ಒಂದೇ ದಾರಿ ಎನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಆ ಬೀದಿಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಓದಿ ಸುಮ್ಮನಿದ್ದೆ.

ಕುಡಿದು ಬಾವಿಗೆ ಇಳಿದವನು ಎಂಬ ಹೆಸರು ಅಣ್ಣನಿಗೆ ಅಂಟಿಕೊಂಡಿತು. ಅವನು ಜೀವಮಾನದಲ್ಲಿ ಕುಡಿದವನಲ್ಲ. ದಡದಲ್ಲಿ ಕುಳಿತು ಆಳುಗಳಿಂದ ಕೆಲಸ ಮಾಡಿಸಬಹುದಿತ್ತು, ಆದರೆ ಯಾರೂ ಕರೆಯಲಿಲ್ಲ. ವಿಜಯನಗರದ ಒಂದು ಕಲ್ಯಾಣ ಮಂಟಪದ ಗೇಟಿನಲ್ಲಿ ಕಾವಲಿಗೆ ಸೇರಿದ. ನಾನು ಹಬ್ಬಕ್ಕೆ ಹೋಗುತ್ತಿದ್ದೆ, ಹಣ್ಣು ಕೊಡುತ್ತಿದ್ದೆ. ಅತ್ತಿಗೆ ಊಟಕ್ಕೆ ಬಡಿಸುತ್ತಿದ್ದರು. ಎಂಟು ವರ್ಷ ಆ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

2006ರಲ್ಲಿ ವಿಜಯನಗರದಲ್ಲೇ ಒಂದು ಬೋರ್ ಹೊಡೆಯುತ್ತಿದ್ದೆ. ನೂರಾ ಹನ್ನೆರಡು ಅಡಿಯಲ್ಲಿ ಧೂಳು ನಿಂತಿತು. ನನ್ನ ಕೈ ತಾನಾಗಿ ಲಿವರ್ ಎಳೆಯಿತು. ಕಾಂಪೌಂಡ್ ಹಾರಿ ಅಕ್ಕಪಕ್ಕದ ಮನೆಗಳ ಹಿತ್ತಲಿಗೆ ಓಡಿದೆ. ಎರಡನೇ ಮನೆಯಲ್ಲಿ ಹಳೆಯ ಬೋರಿನ ಮುಚ್ಚಳ ಹಾರಿ ಹೋಗಿ, ಗೋಡೆಯ ತುಂಬಾ ಕೆಸರು ರಾಚಿತ್ತು. ಬಟ್ಟೆ ಒಗೆಯುತ್ತಿದ್ದ ಹೆಂಗಸು ಕಲ್ಲಿನ ಹಿಂದೆ ಕುಕ್ಕರಿಸಿದ್ದರು. ಏನೂ ಆಗಿರಲಿಲ್ಲ, ಒಗೆದ ಬಟ್ಟೆಯನ್ನೆಲ್ಲ ಮತ್ತೆ ಒಗೆಯಬೇಕಲ್ಲ ಎಂದು ನನ್ನನ್ನು ಬೈದರು.

ನಮ್ಮ ಸೈಟಿನ ಯಜಮಾನರು ಬಂದು, ಬಂಡೆಯೊಳಗೆ ಗಾಳಿ ಹೇಗೆ ಹೋಗುತ್ತದೆ ಎಂದು ಕೇಳಿದರು. ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದೆ: ಇದು ಮಣ್ಣು, ಇದು ಕೊಳೆತ ಕಲ್ಲು, ಇದು ಬಂಡೆ, ಇದು ಬಿರುಕು. ಇಲ್ಲಿ ಊದಿದರೆ ಅಲ್ಲಿ ಬರುತ್ತದೆ, ಇಲ್ಲಿ ಎತ್ತಿದರೆ ಅಲ್ಲಿ ಒಣಗುತ್ತದೆ. ಐದು ನಿಮಿಷವೂ ಹಿಡಿಯಲಿಲ್ಲ. ಅವರು ಒಪ್ಪಿಕೊಂಡು ತಲೆಯಾಡಿಸಿದರು. ಗುರುತಿಲ್ಲದವರಿಗೆ ಐದು ನಿಮಿಷದಲ್ಲಿ ಹೇಳಿದ್ದನ್ನು ಅಣ್ಣನಿಗೆ ಎಂಟು ವರ್ಷವಾದರೂ ಹೇಳಲಾಗಲಿಲ್ಲವಲ್ಲ ಎಂದು, ಕಡ್ಡಿ ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟೆ.

ಕೆಲಸ ನನಗೆ ಕಲಿಸಿದ್ದು ಇದು. ನೆಲದೊಳಗೆ ಯಾರ ಬಾವಿಯೂ ಒಂಟಿಯಲ್ಲ. ನಿನ್ನ ಗುಂಡಿಯಲ್ಲಿ ಏನೂ ಕಾಣದಿದ್ದಾಗ ಇನ್ನೊಬ್ಬನ ಗುಂಡಿಗೆ ಹೋಗಿ ನೋಡಬೇಕು. ಈಗ ರಿಗ್ ಶುರು ಮಾಡುವ ಮೊದಲು ಸುತ್ತಲ ಮನೆಗಳಿಗೆಲ್ಲ ಹೋಗಿ ಹೇಳಿ ಬರುವುದು ನನ್ನ ಕ್ರಮ. ಆದರೆ ಕ್ರಮ ಕಲಿತದ್ದಕ್ಕೆ ಕಾಲು ವಾಪಸ್ ಬರುವುದಿಲ್ಲ.

ಸುಳ್ಳು ಹೇಳಿದ್ದು ಇಬ್ಬರ ಮುಂದೆ. ಆದ್ದರಿಂದ ಆ ಇಬ್ಬರನ್ನೂ ಕರೆದುಕೊಂಡೇ ಅಣ್ಣನ ಹತ್ತಿರ ಹೋಗಬೇಕು ಅನಿಸಿತು. ಬಸವರಾಜಪ್ಪನವರಿಗೆ ವಯಸ್ಸಾಗಿತ್ತು, ಯಾಕೆ ಏನು ಎಂದು ಕೇಳದೆ ಆಟೋ ಹತ್ತಿದರು. ಚಿಕ್ಕಣ್ಣ ಬೇಗ ಒಪ್ಪಲಿಲ್ಲ. ಬಾಗಿಲಲ್ಲಿ ನಿಂತು ಬಾಯಿ ಅಗಲಿಸಿ ತೋರಿಸಿದ. "ಏನು, ಹಲ್ಲು ವಾಪಸ್ ಕೊಡಕ್ ಬಂದ್ಯಾ?" ಎಂದ. ಆಮೇಲೆ ಅಂಗಿ ಹಾಕಿಕೊಂಡು ಬಂದ.

ಭಾನುವಾರ ಬೆಳಿಗ್ಗೆ. ಅಣ್ಣ ಮನೆಯ ಮುಂದೆ ಸ್ಟೂಲಿನ ಮೇಲೆ ಕುಳಿತು ಕಟ್ಟಿಗೆಯ ಕಾಲಿನ ಪಟ್ಟಿ ಬಿಗಿಯುತ್ತಿದ್ದ. ನಮ್ಮ ಮೂವರನ್ನೂ ಒಟ್ಟಿಗೆ ನೋಡಿ ಅವನ ಕೈ ನಿಂತಿತು.

"ಏನೋ ಇದು, ಕೋರ್ಟೇ ಕರ್ಕೊಂಡ್ ಬಂದ್ಬುಟ್ಟೆ?" ಎಂದ. ಯಜಮಾನರಿಗೆ ಕುರ್ಚಿ ತರಲು ಅತ್ತಿಗೆಯನ್ನು ಕೂಗಿದ.

ಕುರ್ಚಿ ಬರುವವರೆಗೆ ಕಾದರೆ ಮತ್ತೆ ಧೈರ್ಯ ಹೋಗುತ್ತದೆ ಎಂದು ಹೆದರಿ, ನಾನು ಅವನ ಮುಂದೆ ನೆಲದ ಮೇಲೆ ಕುಳಿತೆ. ಉಳಿದಿದ್ದ ಆ ಒಂದು ಕಾಲನ್ನು ಹಿಡಿದುಕೊಂಡೆ. ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದ ಮಾತು, ಬಾಯಿಂದ ಅವತ್ತೇ ಮೊದಲು ಬಂದದ್ದು.

"ಅಣ್ಣ, ಅವತ್ತು ಆ ಗಾಳಿ ನನ್ ರಿಗ್ಗಿಂದ್ಲೇ ಬಂತು. ಧೂಳು ನಿಂತಿದ್ದು ನೋಡ್ದೆ. ನೀನು ಕೆಳಗಿದ್ದೀಯ ಅಂತ್ಲೂ ಗೊತ್ತಿತ್ತು. ಆದ್ರೂ ನಿಲ್ಲಿಸ್ಲಿಲ್ಲ. ಇವ್ನು ಹೇಳಕ್ ಬಂದ್ರೆ ಇವ್ನ ಹಲ್ಲು ಮುರ್ದೆ. ಆಸ್ಪತ್ರೇಲಿ ಯಜಮಾನ್ರು ಕೇಳ್ದಾಗ, ನಿನ್ ಕಣ್ಣೆದುರ್ಗೇ ಸುಳ್ಳು ಹೇಳ್ದೆ. ನೀನು ಹೇಳಿದ್ದೇ ನಿಜ. ತಪ್ಪು ನಂದು, ಅಣ್ಣ. ನನ್ನ ಕ್ಷಮಿಸ್‌ಬುಡು."