ಲೆಯೋನ್ಸನ ಸಾಣೆ

ವಾಲ್‌ಬ್ರೂನಿನಲ್ಲಿ ಮಹಾಪುರುಷರಿಗೆ ಬರವಿಲ್ಲ. ಮೇಯರ್ ಇದ್ದಾರೆ, ಪಾದ್ರಿ ಇದ್ದಾರೆ, ಐಸ್ ಹಾಕಿ ಕ್ಲಬ್ಬಿನ ಅಧ್ಯಕ್ಷ ಬ್ರಾಶೆಯವರಂತೂ ಎಲ್ಲ ಫೋಟೋಗಳಲ್ಲೂ ಇದ್ದಾರೆ. ಲೆಯೋನ್ಸ್ ಯಾವ ಫೋಟೋದಲ್ಲೂ ಇಲ್ಲ. ಮೂವತ್ತೆಂಟು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ಆಟಗಾರರ ಸ್ಕೇಟುಗಳ ಅಲಗಿಗೆ ಸಾಣೆ ಹಿಡಿಯುವುದು. ಫ್ರಾನ್ಸಿನ ಮೇಲ್ದರ್ಜೆಯ ಲೀಗಿನಲ್ಲಿ ಆಡುವ ಇಪ್ಪತ್ತೆರಡು ಗಂಡಸರು, ನಲವತ್ತನಾಲ್ಕು ಅಲಗು. ಅಲಗಿನ ಉದ್ದಕ್ಕೂ ನಡುವೆ ಒಂದು ಸಣ್ಣ ತೋಡು ಇರುತ್ತದೆ. ಅದು ಆಳವಾದರೆ ಸ್ಕೇಟು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ, ಆಳ ಕಡಿಮೆಯಾದರೆ ಜಾರುತ್ತದೆ. ಯಾರಿಗೆ ಎಷ್ಟು ಕಚ್ಚಬೇಕು, ಯಾರಿಗೆ ಎಷ್ಟು ಜಾರಬೇಕು ಎಂಬುದೆಲ್ಲ ಲೆಯೋನ್ಸನ ತಲೆಯಲ್ಲಿತ್ತು. ಯಾರ ಎಡ ಮೊಣಕಾಲು ನೋಯುತ್ತದೆ, ಯಾರು ಕ್ರಿಸ್‌ಮಸ್ಸಿಗೆ ಚೀಸ್ ಬಾರಿಸಿ ನಾಲ್ಕು ಕಿಲೋ ಏರಿದ್ದಾನೆ ಎಂಬುದೂ ಅಲ್ಲೇ ಇತ್ತು.

ಬ್ರಾಶೆಯವರು ಸ್ನಾನದ ಮನೆಯ ಟೈಲ್ಸ್ ಮಾರಿ ದೊಡ್ಡವರಾದವರು. ಹಾಗಾಗಿ ನುಣುಪು ನೆಲದ ಬಗ್ಗೆ ಅವರಿಗೆ ತಿಳಿಯದ್ದು ಏನೂ ಇರಲಿಲ್ಲ. ಜನವರಿಯಲ್ಲಿ ತಂಡ ಕೊನೆಯ ಸ್ಥಾನಕ್ಕೆ ಇಳಿದು, ಕೆಳದರ್ಜೆಗೆ ಬೀಳುವ ಗಂಡಾಂತರ ಬಂತು. ತಪ್ಪು ತರಬೇತುದಾರನದಾಗಿರಲು ಸಾಧ್ಯವೇ ಇರಲಿಲ್ಲ, ಆತ ಬ್ರಾಶೆಯವರ ಹೆಂಡತಿಯ ಅಣ್ಣನ ಮಗ. ಹುಡುಕಿ ಹುಡುಕಿ ಕೊನೆಗೆ ತಪ್ಪು ಸಾಣೆಕಲ್ಲಿನಲ್ಲಿ ಸಿಕ್ಕಿತು. ಹಿತ್ತಲ ಗಿಡ ಮದ್ದಲ್ಲವಲ್ಲ, ದೂರದಿಂದ ಒಂದು ಯಂತ್ರ ಬಂತು. ಗುಂಡಿ ಒತ್ತಿದರೆ ಸಾಕು, ಎಲ್ಲರ ಅಲಗಿಗೂ ಒಂದೇ ಆಳ.

"ಲೆಯೋನ್ಸ್, ನಿಮಗೆ ಸುಸ್ತಾಗಿದೆ," ಎಂದರು ಬ್ರಾಶೆ.

"ಇಲ್ಲ ಮೊಸ್ಯೂ."

"ಆಗಿದೆ. ಮನೇಲಿ ಆರಾಮಾಗಿರಿ. ಯಂತ್ರದಿಂದ ತಂಡ ಉಳಿದ್ರೆ ನಿಮ್ಮ ಕೆಲಸ ಮುಗೀತು. ತಂಡ ಕೆಳಗೆ ಬಿತ್ತು ಅಂದ್ರೆ ನಿಮ್ಮ ಜಾಗ ನಿಮ್ದೇ. ನ್ಯಾಯ ಅಲ್ವಾ?"

ಇಂಥ ನ್ಯಾಯವಂತರು ಊರಿಗೊಬ್ಬರಿದ್ದರೆ ಸಾಕು, ಇಬ್ಬರಾದರೆ ಊರು ತಡೆಯದು.

ಯಂತ್ರದ ಮೊದಲ ಪಂದ್ಯದಲ್ಲಿ ತಂಡ ಏಳು ಗೋಲು ತಿಂದಿತು. ಪಕ್ಕಕ್ಕೆ ಜಾರಬೇಕಾದ ಗೋಲ್‌ಕೀಪರ್ ನೆಟ್ಟ ಕಂಬದಂತೆ ನಿಂತ. ಫಿನ್ಲೆಂಡಿನಿಂದ ತಂದಿದ್ದ ದೈತ್ಯ ಆಟಗಾರ, ತಪ್ಪು ಮಾಡಿದವರು ಕೂರುವ ಪೆಟ್ಟಿಗೆಗೆ ರೆಫರಿ ಕಳಿಸುವ ಮೊದಲೇ ತಾನಾಗಿ ಜಾರಿಕೊಂಡು ಹೋದ. ಲೆಯೋನ್ಸನ ಹೆಂಡತಿ ಜಿಲ್ಬರ್ತ್‌ಗೆ ಆ ವರ್ಷ ಅಷ್ಟು ಸಂತೋಷ ಇನ್ನಾವುದರಿಂದಲೂ ಆಗಿರಲಿಲ್ಲ.

"ಹೀಗೇ ಬೀಳ್ತಾ ಇರ್ಲಿ. ನೀನು ತೆಪ್ಪಗೆ ಕೂತ್ಕೊ, ಕೆಲಸ ತಾನಾಗೇ ವಾಪಸ್ ಬರತ್ತೆ."

ಮರುದಿನ ಮಧ್ಯಾಹ್ನ ಕ್ಯಾಪ್ಟನ್ ಮಾರಿಯುಸ್ ಬ್ರೆಡ್ಡಿನ ಚೀಲದಲ್ಲಿ ಸ್ಕೇಟುಗಳನ್ನು ಮುಚ್ಚಿಟ್ಟುಕೊಂಡು ಬಂದ.

"ಮಾಮ, ಇದನ್ನ ಸ್ವಲ್ಪ ನೋಡು."

"ಯಂತ್ರ ಇದೆಯಲ್ಲಪ್ಪ."

"ನಾನು ಐದು ವರ್ಷದವನಿದ್ದಾಗಿಂದ ನೀನೇ ಸಾಣೆ ಹಿಡಿದು ಕೊಟ್ಟಿದ್ದು. ಇದೊಂದ್ಸಲ. ಯಾರಿಗೂ ಹೇಳ್ಬೇಡ, ಮಾಮ."

ಲೆಯೋನ್ಸ್ ಯಾರಿಗೂ ಹೇಳಲಿಲ್ಲ. ಮಾರಿಯುಸನೇ ಎಲ್ಲರಿಗೂ ಹೇಳಿದ. ಶನಿವಾರದೊಳಗೆ ಇಪ್ಪತ್ತೆರಡು ಮಂದಿಯೂ ಹಿತ್ತಲ ಬಾಗಿಲಿಂದ ಬಂದು ಹೋಗಿದ್ದರು. ಅಡುಗೆಮನೆಯಲ್ಲಿ ಒಂದು ಕಡೆ ವೈನಿನಲ್ಲಿ ಸಾಸೇಜು ಬೇಯುತ್ತಿತ್ತು, ಇನ್ನೊಂದು ಕಡೆ ಲೆಯೋನ್ಸನ ಹಳೆಯ ಕಲ್ಲು ಕಿಡಿ ಹಾರಿಸುತ್ತಿತ್ತು.

"ನಿನ್ನ ಗುಂಡಿ ನೀನೇ ತೋಡ್ಕೊಳ್ತಿದ್ದೀಯ, ಗೊತ್ತಾ?" ಎಂದಳು ಜಿಲ್ಬರ್ತ್.

"ಗೊತ್ತು."

"ಮತ್ತೆ?"

"ಅವರು ಬೀಳೋದನ್ನ ನೋಡಕ್ಕಾಗಲ್ಲ ಕಣೆ."

ಅವಳು ಸೌಟನ್ನು ಪಾತ್ರೆಗೆ ಕುಕ್ಕಿದಳು. ಸಾಣೆ ಹಿಡಿದಷ್ಟೂ ತಂಡ ಗೆದ್ದಿತು, ಗೆದ್ದಷ್ಟೂ ಯಂತ್ರದ ಕೀರ್ತಿ ಬೆಳೆಯಿತು. ಪತ್ರಿಕೆಯವರು ಬಂದು ಯಂತ್ರದ ಫೋಟೋ ತೆಗೆದರು, ಪಕ್ಕದಲ್ಲಿ ಬ್ರಾಶೆ. ಎಂಟು ವಾರ ಕಳೆದು ಕೊನೆಯ ಪಂದ್ಯವನ್ನೂ ಗೆದ್ದು ತಂಡ ಮೇಲ್ದರ್ಜೆಯಲ್ಲೇ ಉಳಿಯಿತು.

ಗೆಲುವಿನ ಔತಣಕ್ಕೆ ಲೆಯೋನ್ಸನನ್ನೂ ಜಿಲ್ಬರ್ತ್‌ಳನ್ನೂ ಕರೆದಿದ್ದರು, ಅವನನ್ನು ಬೀಳ್ಕೊಡುವುದಕ್ಕೆ. ಬ್ರಾಶೆ ಯಂತ್ರವನ್ನು ವೇದಿಕೆಗೇ ತರಿಸಿ, ಅದರ ಮುಚ್ಚಳ ತೆಗೆದು ತೋರಿಸಿದರು.

"ನೋಡಿ ಮಹನೀಯರೇ! ಎಂಟು ವಾರ ದುಡಿದಿದೆ. ಕಲ್ಲು ಒಂದು ಕೂದಲೆಳೆಯಷ್ಟೂ ಸವೆದಿಲ್ಲ! ತಂತ್ರಜ್ಞಾನ ಅಂದ್ರೆ ಇದು!"

ಇಪ್ಪತ್ತೆರಡು ಮಂದಿ ತಮ್ಮ ಬೂಟುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಜಿಲ್ಬರ್ತ್ ಎದ್ದು ನಿಂತಳು. "ಮೊಸ್ಯೂ, ನಮ್ಮ ಅಡುಗೆಮನೆ ಗೋಡೆ ಕಬ್ಬಿಣದ ಪುಡಿಯಿಂದ ಕಪ್ಪಾಗಿದೆ. ಒಂದ್ಸಲ ಬಂದು ನೋಡಿ. ಯಾಕಂತ ಈ ಹುಡುಗರನ್ನೇ ಕೇಳಿ."

ಬ್ರಾಶೆ ಒಂದು ಗಳಿಗೆ ಯೋಚಿಸಿ, ಇದು ತಮಾಷೆಯೆಂದು ತೀರ್ಮಾನಿಸಿ, ಹೊಟ್ಟೆ ಹಿಡಿದು ನಕ್ಕರು. ಅಧ್ಯಕ್ಷರು ನಕ್ಕ ಮೇಲೆ ಸಭೆ ನಗದೆ ಇರುತ್ತದೆಯೇ? ಎಲ್ಲರೂ ನಕ್ಕರು. ಸೋಮವಾರ ಹೊಸ ಒಪ್ಪಂದಕ್ಕೆ ಸಹಿ ಹಾಕಬೇಕಿದ್ದ ಮಾರಿಯುಸನೂ ನಕ್ಕ. ಕೆಲಸ ಹೋದದ್ದು ಲೆಯೋನ್ಸನಿಗೆ ಅಷ್ಟು ನೋಯಲಿಲ್ಲ. ಅದನ್ನು ಅವನೇ ಗೊತ್ತಿದ್ದೂ ಕಳೆದುಕೊಂಡಿದ್ದ. ಆ ನಗು ಮಾತ್ರ ಎದೆಗೆ ನಾಟಿತು. ಮನೆಗೆ ಬಂದವನು ಕೋಟು ಬಿಚ್ಚದೆ ಕೂತು ಅತ್ತುಬಿಟ್ಟ.

ಆಗಸ್ಟಿನಲ್ಲಿ ಅಭ್ಯಾಸ ಶುರುವಾದ ದಿನ ಯಾರೋ ಬಾಗಿಲು ತಟ್ಟಿದರು. ಮಾರಿಯುಸ್ ನಿಂತಿದ್ದ, ಕೈಯಲ್ಲಿ ಹೊಸ ಸ್ಕೇಟುಗಳು.

"ಮಾಮ, ಹೇಗಿದ್ದೀಯ? ಇದನ್ನ ಸ್ವಲ್ಪ..."

ಲೆಯೋನ್ಸ್ ಅವನ ಮುಖವನ್ನೇ ನೋಡಿದ. ಬೈಯಲಿಲ್ಲ, ದನಿ ಏರಿಸಲೂ ಇಲ್ಲ.

"ಯಂತ್ರದ ಹತ್ರ ಹೋಗಪ್ಪ," ಎಂದು ಬಾಗಿಲು ಮುಚ್ಚುತ್ತ ಹೇಳಿದ. "ಕಲ್ಲು ಇನ್ನೂ ಹೊಸದಾಗೇ ಇದೆಯಂತೆ."