ತಪಾಸಣೆಗೆ ತೊಟ್ಟ ಕೋಟು

ಇಸ್ತ್ರಿಯಣ್ಣ ಪ್ಯಾಂಟಿಗೆ ಹಾಕುವ ಗೆರೆಗೆ ಎಂಥ ಅಲಗಿತ್ತೆಂದರೆ, ಅಂಥ ಪ್ಯಾಂಟು ತೊಟ್ಟು ಅವಸರದಲ್ಲಿ ಕೂತ ಗುಮಾಸ್ತನೊಬ್ಬ ಬಸ್ಸಿನ ಸೀಟನ್ನೇ ಕೊಯ್ದುಬಿಟ್ಟಿದ್ದ. ಆಮೇಲೆ ಸೀಟು ಹೊಲಿದವನೇ ಹೇಳಿದ ಮಾತು, ಸುಳ್ಳಿರಲಾರದು.

ಮೂವತ್ತು ವರ್ಷದಲ್ಲಿ ಅವನು ಗಿರಾಕಿಗಳ ಬಟ್ಟೆ ಒಂದನ್ನೂ ಸುಟ್ಟಿರಲಿಲ್ಲ, ಒಂದನ್ನೂ ತೊಟ್ಟಿರಲಿಲ್ಲ. ಆ ಕಸುಬಿನಲ್ಲಿ ಗಿರಾಕಿಯ ಬಟ್ಟೆ ತೊಡುವುದೆಂದರೆ ಅಡುಗೆಯವನು ಬಡಿಸುವ ಸೌಟನ್ನು ನೆಕ್ಕಿದ ಹಾಗೆ. ಒಬ್ಬ ನೋಡಿದರೆ ಸಾಕು, ಸಂಜೆಯೊಳಗೆ ಇಡೀ ಬೀದಿ ಬೇರೆ ಅಂಗಡಿ ಹುಡುಕುತ್ತದೆ.

ಅಂಥವನು ಆ ಬೆಳಿಗ್ಗೆ ತನ್ನ ಅಂಗಿಯನ್ನೇ ಸುಟ್ಟುಕೊಂಡ. ಇದ್ದ ಒಳ್ಳೆಯ ಅಂಗಿ ಅದೊಂದೇ. ಬೆನ್ನಿನಲ್ಲಿ ಮೇಕೆ ಹಾದುಹೋಗುವಷ್ಟು ತೂತು.

ಕೈ ತಪ್ಪಿದ್ದಕ್ಕೆ ಕಾರಣವಿತ್ತು. ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಫೀಸು ಕಟ್ಟುವ ಶಕ್ತಿ ಮನೆಗಿರಲಿಲ್ಲ. ಅವಳೇ ಕೂತು ಸಹಾಯಧನದ ಅರ್ಜಿ ಬರೆದು ಹಾಕಿದ್ದಳು. ಮನೆಯ ಸ್ಥಿತಿ ಬರೆದಂತೆಯೇ ಇದೆಯೋ ನೋಡಲು ಕಾಲೇಜಿನ ಅಧಿಕಾರಿ ಒಂಬತ್ತು ಗಂಟೆಗೆ ಬರುವವರಿದ್ದರು. ಒಂದು ಸುಳ್ಳು ಸಿಕ್ಕರೂ ಅರ್ಜಿ ರದ್ದು ಎಂದು ಹಾಳೆಯ ತಳದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

"ಬನಿಯನ್ನಲ್ಲೇ ಕೂತ್ಕೋತೀರಾ?" ಅಂದಳು ಹೆಂಡತಿ. "ಇನ್ನೊಂದು ಅಂಗಿಗೆ ಕಂಕುಳಲ್ಲಿ ಕಿಟಕಿ ಬಿದ್ದಿದೆ. ಇಸ್ತ್ರಿಗೆ ಬಂದಿರೋ ಹಲ್ಲಿನ ಡಾಕ್ಟ್ರ ಸೂಟಿನ ಕೋಟು ಹಾಕ್ಕೊಳ್ಳಿ. ಡಾಕ್ಟ್ರು ಅದನ್ನ ತಗೊಳ್ಳೋಕೆ ಬರೋದು ಹತ್ತಕ್ಕೆ ತಾನೇ? ಅಷ್ಟೊತ್ತಿಗೆ ಬಿಚ್ಚಿದ್ರಾಯ್ತು."

"ಅಪ್ಪ, ನಾವು ಬಡವರು ಅಂತ ಬರ್ದಿದೀನಿ, ಮದುಮಗ ಅಂತ ಅಲ್ಲ!" ಮಗಳು ಹೌಹಾರಿದಳು.

"ಬಡವರು ಅಂದ್ರೆ ಗಲೀಜು ಅಂತಲ್ಲ ಕಣೇ," ಅಂದ ಇಸ್ತ್ರಿಯಣ್ಣ. "ಬರೋರು ನಾಳೆ ನೀನು ಓದೋ ಜಾಗದವರು. ಇವಳಪ್ಪ ಹಿಂಗಾ ಅನ್ಬಾರ್ದು."

ಹೀಗೆ ಹಲ್ಲಿನ ಡಾಕ್ಟರ ಕೋಟು ಇಸ್ತ್ರಿಯಣ್ಣನ ಮೈಯೇರಿತು.

ಒಂಬತ್ತಕ್ಕೆ ಬರಬೇಕಾದ ಅಧಿಕಾರಿ ಬಂದದ್ದು ಹತ್ತಕ್ಕೆ ಹತ್ತು ನಿಮಿಷವಿದ್ದಾಗ. ಆಕೆ ಹಗ್ಗದ ಮೇಲಿನ ಅಂಗಿಗಳ ಕೆಳಗೆ ತಲೆ ತಗ್ಗಿಸಿ, ಪರದೆ ಸರಿಸಿ, ಅಂಗಡಿಯ ಹಿಂದೆ ಅವರ ಮನೆಯೆಂದಿದ್ದ ಒಂದೇ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು. ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ ಅರ್ಜಿಯ ಸಾಲು ಸಾಲೂ ಓದಿದರು. ಇಸ್ತ್ರಿಯಣ್ಣನ ಕಣ್ಣು ಗಡಿಯಾರಕ್ಕೆ ಅಂಟಿಕೊಂಡಿತ್ತು. ಬೆವರು ಎಷ್ಟು ಸುರಿಯಿತೆಂದರೆ ಅದರಲ್ಲೇ ಎರಡು ಬಕೆಟ್ ಬಟ್ಟೆ ನೆನೆಹಾಕಬಹುದಿತ್ತು.

"ಅಂಗಡಿ ಸ್ವಂತದ್ದಾ?"

"ಬಾಡಿಗೇದು ಮೇಡಂ."

"ಹಗ್ಗದ ಮೇಲಿನ ಬಟ್ಟೆಗಳು?"

"ಎಲ್ಲ ಗಿರಾಕಿಗಳದು."

"ಮೈ ಮೇಲಿರೋದು?"

ಗಿರಾಕಿಯದು ಅಂದರೆ ಕಸುಬಿನ ಮಾನ ಹೋಯಿತು. "ನಂದೇ," ಅಂದುಬಿಟ್ಟ.

ಮಗಳು ಕಣ್ಣು ಮುಚ್ಚಿಕೊಂಡಳು. ಅಧಿಕಾರಿ ಕೋಟಿನ ತೋಳು ಮುಟ್ಟಿ ನೋಡಿದರು. "ಚೆನ್ನಾಗಿದೆ. ನೀವು ಬರ್ದಿರೋ ಎರಡು ತಿಂಗಳ ಸಂಪಾದನೆ ಇದರ ಗುಂಡಿಗಳಿಗೇ ಸಾಲಲ್ಲ." ಪೆನ್ನು ತೆಗೆದರು. ಮಗಳು ತಲೆಕೆಳಗಾಗಿಯೇ ಓದಿದಳು: "ಕುಟುಂಬದ ಸ್ಥಿತಿ ಅರ್ಜಿಯಲ್ಲಿ ಹೇಳಿದ್ದಕ್ಕಿಂತ..."

ಅಷ್ಟರಲ್ಲಿ ಅಂಗಡಿಯ ಮುಂದಿನಿಂದ ಡಾಕ್ಟರ ದನಿ ಬಂತು. "ಇಸ್ತ್ರಿಯಣ್ಣ, ಕೋಟು ರೆಡಿನಾ?"

ಹೆಂಡತಿ ಒಂದೇ ನೆಗೆತಕ್ಕೆ ಪರದೆಯಾಚೆ ಹೋಗಿ ನಿಂತಳು. "ಒಂದರ್ಧ ಗಂಟೆ ಬಿಟ್ಟು ಬನ್ನಿ ಡಾಕ್ಟ್ರೇ, ಅವ್ರು ಇಲ್ಲ."

"ಸರಿ, ಅಷ್ಟರಲ್ಲಿ ಬ್ಯಾಂಕಿಗೆ ಹೋಗ್ಬರ್ತೀನಿ."

ಡಾಕ್ಟರ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು. ಸುಮ್ಮನಿದ್ದರೆ ಮಾನ ಉಳಿಯುತ್ತದೆ. ಇತ್ತ ಪೆನ್ನು ಓಡುತ್ತಿದೆ. ಮಗಳು ಸ್ಟೂಲಿನ ಪಕ್ಕ ನಿಂತು ಅಪ್ಪನನ್ನೇ ನೋಡಿದಳು.

"ಡಾಕ್ಟ್ರೇ, ನಿಂತ್ಕೊಳ್ಳಿ!" ಇಸ್ತ್ರಿಯಣ್ಣ ಪರದೆಯನ್ನು ಕಿತ್ತುಬರುವ ಹಾಗೆ ಎಳೆದ. "ಕೋಟು ರೆಡಿ ಇದೆ. ನಾನೇ ಹಾಕ್ಕೊಂಡಿದೀನಿ."

ಆಚೆ ಬೀದಿಯ ನಾಯಿಯೂ ಬೊಗಳುವುದನ್ನು ನಿಲ್ಲಿಸಿತು ಎನ್ನುತ್ತಾರೆ. ಅಂಗಡಿಯ ಮುಂದಿದ್ದ ಇಬ್ಬರು ಗಿರಾಕಿಗಳಂತೂ ತಂದಿದ್ದ ಬಟ್ಟೆಯ ಗಂಟನ್ನು ಎದೆಗವಚಿಕೊಂಡರು.

ಅವನು ಕೋಟು ಬಿಚ್ಚಿ ಬನಿಯನ್ನಿನಲ್ಲಿ ನಿಂತ. "ಸುಳ್ಳು ಹೇಳ್ದೆ ಮೇಡಂ. ಆ ಸುಳ್ಳು ನಂದು. ಅರ್ಜೀಲಿರೋದೆಲ್ಲ ಇವಳು ಬರ್ದಿರೋ ನಿಜ. ರದ್ದು ಮಾಡೋದಿದ್ರೆ ನನ್ನನ್ನ ಮಾಡಿ."

"ನಿಮ್ಮ ಅಂಗಿ ಎಲ್ಲಿ ಹಾಗಾದ್ರೆ?"

ಮಗಳು ಸುಟ್ಟ ಅಂಗಿ ಹಿಡಿದು ತೋರಿಸಿದಳು. ತೂತಿನಾಚೆ ಅವಳ ಮುಖ ಪೂರ್ತಿ ಕಾಣುತ್ತಿತ್ತು. ಅಧಿಕಾರಿ ನಗಲಿಲ್ಲ. ಡಾಕ್ಟರತ್ತ ತಿರುಗಿದರು. "ಈ ಕೋಟು ನಿಮ್ಮದಾ?"

"ಇವತ್ತಿನವರೆಗೂ ಹಾಗಂದ್ಕೊಂಡಿದ್ದೆ."

"ಬರ್ದು ಸಹಿ ಹಾಕಿ ಕೊಡ್ತೀರಾ? ಇಲ್ಲಾಂದ್ರೆ ನಾನು ಬರ್ದಿದ್ದನ್ನ ಹಾಗೇ ಬಿಡ್ಬೇಕಾಗುತ್ತೆ."

ಡಾಕ್ಟರು ಹಾಳೆ ನೋಡಿದರು, ಹುಡುಗಿಯನ್ನು ನೋಡಿದರು, ಒದ್ದೆಯಾದ ಕೋಟಿನ ಕಾಲರ್ ನೋಡಿದರು. ಒಂದು ಹಲ್ಲು ಕಿತ್ತು ಹೊಸದು ಕೂರಿಸುವಷ್ಟು ಹೊತ್ತು ಹಿಡಿಯಿತು. ಕೊನೆಗೆ ಸಹಿ ಹಾಕಿದರು. ಅಧಿಕಾರಿ ತಾವು ಬರೆದ ಸಾಲನ್ನು ಹೊಡೆದುಹಾಕಿದರು.

"ನಮ್ಮನೆ ಬಟ್ಟೆ ಎಷ್ಟಿದೆಯೋ ಅಷ್ಟೂ ಕೊಟ್ಬಿಡು," ಅಂದರು ಡಾಕ್ಟರು ಇಸ್ತ್ರಿಯಣ್ಣನಿಗೆ. "ಇಸ್ತ್ರಿ ಆಗ್ದಿದ್ರೂ ಪರವಾಗಿಲ್ಲ."

ಕೋಟನ್ನು ಎರಡೇ ಬೆರಳಲ್ಲಿ ಹಿಡಿದು ಹೋದರು.

ಹದಿನೇಳನೆಯ ದಿನ ಕಾಗದ ಬಂತು. ಫೀಸು ಪೂರ್ತಿ ಮಾಫಿ. ಅಷ್ಟು ಹೊತ್ತಿಗೆ ಹಗ್ಗದ ಮೇಲೆ ಅರ್ಧಕ್ಕರ್ಧ ಬಟ್ಟೆ ಖಾಲಿಯಾಗಿತ್ತು. ಹೆಂಡತಿ ಇನ್ನು ಅಂಗಡಿಯಲ್ಲಿ ತಲೆಯೆತ್ತಿ ನಡೆಯಬಹುದಲ್ಲ ಎಂದು ಹೇಳಿ ನಕ್ಕಳು, ಆಮೇಲೆ ಮುಖ ತೊಳೆಯಲು ಹೋದಳು.

ಮಗಳು ಕಾಲೇಜಿಗೆ ಹೊರಟ ದಿನ ಅವಳನ್ನು ಬಸ್ಸು ಹತ್ತಿಸಲು ಇಸ್ತ್ರಿಯಣ್ಣ ಹೋಗಿದ್ದ. ಎದುರಿನಿಂದ ಡಾಕ್ಟರು ಬಂದರು. ಬೇರೆ ಅಂಗಡಿಯಲ್ಲಿ ಇಸ್ತ್ರಿಯಾದ ಅಂಗಿಯ ತೋಳಿನಲ್ಲಿ ಜೋಡಿ ಗೆರೆ. ಕಾಲರ್ ಒಂದು ಕಡೆ ಬೆಟ್ಟ, ಒಂದು ಕಡೆ ಹಳ್ಳ.

"ಬಿಡಪ್ಪ, ನೋಡ್ಬೇಡ," ಅಂದಳು ಮಗಳು, ಅವನ ಕೈ ಹಿಡಿದು.

"ನನ್ನನ್ನ ಬೈದಿದ್ರೂ ತಡ್ಕೋತಿದ್ದೆ ಕಣೇ," ಅಂದ ಇಸ್ತ್ರಿಯಣ್ಣ. "ಆ ತೋಳನ್ನ ಹೆಂಗೆ ತಡ್ಕೊಳ್ಳಲಿ?"