ಮನೆಗಳಿಗೆ ಪರೀಕ್ಷೆ ಇಟ್ಟ ಅಂಕಲ್

ಕಳೆದ ವಾರ ಮಗಳ ಹೊಸ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದೆ. ಬಹಳ ದಿನ ಮುಚ್ಚಿದ್ದ ಮನೆ. ಮೊದಲು ಗೊರಗೊರ ಸದ್ದು, ಆಮೇಲೆ ಕಂದು ನೀರು, ಅದರ ಜೊತೆಗೇ ತುಕ್ಕಿನ ವಾಸನೆ. ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ಜಸ್ಟ್ ಟರ್ನ್ ಇಟ್ ಆಫ್!" ಎಂದಳು. ನಾನು ಅದನ್ನು ನಿಲ್ಲಿಸದೆ ಹೋಗಿ ಬಾತ್‌ರೂಮಿನ ನಲ್ಲಿಯನ್ನೂ ಬಿಟ್ಟೆ. ಎರಡೂ ಒಟ್ಟಿಗೆ ಬಿಟ್ಟರೆ ನೀರಿನ ರಭಸ ತಗ್ಗುತ್ತದೆಯೇ ಎಂದು ನೋಡುವುದನ್ನು ನನಗೆ ಕಲಿಸಿದವರು ಲಿವೋನಿಯಾದ ಅಂಕಲ್.

ಅದು ರಿಸೆಷನ್ ಕಾಲ. ನಾವಾಗ ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿದ್ದೆವು. ಅಂಕಲ್ ನಮ್ಮ ಬೀದಿಯ ಕೊನೆಯ ಮನೆಯವರು, ಮೈಸೂರಿನವರು. ಕಾರ್ ಕಂಪನಿಯಲ್ಲಿ ಬಾಗಿಲು, ಹೀಟರುಗಳು ಎಷ್ಟು ವರ್ಷ ಬಾಳಿಕೆ ಬರುತ್ತವೆಂದು ಟೆಸ್ಟ್ ಮಾಡುವ ಕೆಲಸ ಅವರದು. ಆ ಕೆಲಸ ಹೋಯಿತು. ಕೆಲವು ತಿಂಗಳು ಮನೆಯಲ್ಲಿದ್ದು, ಆಮೇಲೆ ಒಂದು ಸಣ್ಣ ಸಂಸ್ಥೆಗೆ ಸೇರಿದರು. ಪ್ರಾಣಭಯದಿಂದ ದೇಶ ಬಿಟ್ಟು ಬಂದು ಇಲ್ಲಿ ಆಶ್ರಯ ಕೇಳಿದವರಿಗೆ, ತೀರ್ಮಾನ ಬರುವವರೆಗೆ, ರಾಜ್ಯ ಸರಕಾರದ ಹಣದಲ್ಲಿ ಮನೆ ಕೊಡಿಸುವ ಸಂಸ್ಥೆ ಅದು. ಅಂಕಲ್ ಸೇರುವ ಹೊತ್ತಿಗೆ ಸರಕಾರ ಆ ಹಣವನ್ನೇ ಕತ್ತರಿಸಿತ್ತು. ಲಿವೋನಿಯಾದ ಅಪಾರ್ಟ್‌ಮೆಂಟುಗಳನ್ನು ಖಾಲಿ ಮಾಡಿಸಿ, ಆ ಸಂಸಾರಗಳನ್ನು ಡೆಟ್ರಾಯಿಟ್ ಊರೊಳಗಿನ ಅಗ್ಗದ ಮನೆಗಳಿಗೆ ಸಾಗಿಸುವುದು ಅವರ ಪಾಲಿಗೆ ಬಂದ ಕೆಲಸ.

ಒಂದು ಹುಟ್ಟುಹಬ್ಬದ ಊಟದಲ್ಲಿ ಯಾರೋ ಕೆಣಕಿದರು: "ಏನ್ ಸಾರ್, ಬ್ರೋಕರ್ ಆಗ್ಬಿಟ್ರಂತೆ?"

"ಹೂಂ ಕಣಯ್ಯ, ನಿಂಗೂ ಒಂದ್ ಮನೆ ನೋಡ್ಲಾ? ಪರಿಚಯದವ್ನು, ಕಮಿಷನ್ ಬೇಡ."

ನನಗೆ ಮಾತ್ರ ಕುತೂಹಲ. ಬೆಳಿಗ್ಗೆ ಕಾರಿನ ಡಿಕ್ಕಿಗೆ ಕುಕ್ಕರು, ಬಕೆಟ್ಟು, ಒಂದು ಮೂಟೆ ಒಗೆಯುವ ಬಟ್ಟೆ ತುಂಬಿಕೊಂಡು ಎಲ್ಲಿಗೆ ಹೋಗುತ್ತಾರೆ ಇವರು? ಕೇಳಿಯೇಬಿಟ್ಟೆ. "ಬಾಮ್ಮಾ, ನೋಡೂವಂತೆ" ಎಂದು ಕರೆದುಕೊಂಡು ಹೋದರು.

ಡೆಟ್ರಾಯಿಟಿನ ಆ ಬೀದಿಯಲ್ಲಿ ಒಂದು ಮನೆ ಬಿಟ್ಟು ಒಂದು ಖಾಲಿ, ಬಾಗಿಲು ಕಿಟಕಿಗಳಿಗೆ ಹಲಗೆ ಹೊಡೆದಿತ್ತು. ಅವತ್ತು ನಾವು ನೋಡಬೇಕಾಗಿದ್ದ ಮನೆಗೆ ಹೊಸದಾಗಿ ಬಣ್ಣ ಬಳಿದಿದ್ದರು. ಅಂಕಲ್ ಗೋಡೆಯ ಕಡೆ ನೋಡಲೂ ಇಲ್ಲ. ಒಂದು ಹಗಲು ಅಲ್ಲಿ ಸಂಸಾರ ಮಾಡಿ ನೋಡುವುದು ಅವರ ಕ್ರಮ. ನಾನು ಕರೆಂಟಿನ ಒಲೆಯ ಮೇಲೆ ಕುಕ್ಕರ್ ಇಟ್ಟೆ. ಅವರು ಬಟ್ಟೆ ಒಗೆಯಲು ಹಾಕಿ, ಹೀಟ್ ಏರಿಸಿ, ಕೊನೆಗೆ ಸಂಸ್ಥೆಯಿಂದ ತಂದಿದ್ದ ಆಕ್ಸಿಜನ್ ಯಂತ್ರವನ್ನು ಗೋಡೆಗೆ ಸಿಕ್ಕಿಸಿದರು. ಆ ಮನೆಗೆ ಬರಬೇಕಾಗಿದ್ದವರು ಇರಾಕಿನ ಒಬ್ಬಾಕೆ ಮತ್ತು ಆಕೆಯ ತಾಯಿ. ಆ ಯಂತ್ರವಿಲ್ಲದೆ ತಾಯಿಗೆ ಉಸಿರಾಡಲು ಆಗುತ್ತಿರಲಿಲ್ಲ.

ಕುಕ್ಕರ್ ಇನ್ನೇನು ಕೂಗಬೇಕು, ಅಷ್ಟೂ ಒಟ್ಟಿಗೆ ಓಡಿದ ಭಾರ ತಾಳದೆ ಟಪ್ಪೆಂದು ಇಡೀ ಮನೆಯ ಕರೆಂಟು ಹೋಯಿತು. ಯಂತ್ರ ಒಂದು ಸಲ ಕೀಂ ಎಂದು ಸುಮ್ಮನಾಯಿತು… ಅಂಕಲ್ ಅದರ ವೈರು ಕಿತ್ತರು. "ಫೇಲು" ಎಂದರು. ಅರೆಬೆಂದ ಅನ್ನವನ್ನು ಹಾಗೇ ಕಾರಿನಲ್ಲಿಟ್ಟುಕೊಂಡು ವಾಪಸು ಬಂದೆವು.

ಆ ತಾಯಿ ಮಗಳು ತಿಂಗಳ ಕೊನೆಗೆ ಲಿವೋನಿಯಾದ ಅಪಾರ್ಟ್‌ಮೆಂಟ್ ಬಿಡಲೇಬೇಕು. ಕೈಗೆಟಕುವ ಬಾಡಿಗೆಗೆ ಬೇರೆ ಮನೆಯಿಲ್ಲ. ಆಗ ಅಂಕಲ್ ಕಣ್ಣು ನಮ್ಮ ಮನೆಯ ಮೇಲೆ ಬಿತ್ತು. ನಮ್ಮವರು ಆಗಲೇ ಶಿಕಾಗೋ ಕಡೆ ಲೈಲ್‌ನಲ್ಲಿ ಕೆಲಸಕ್ಕೆ ಸೇರಿದ್ದರು. ನಾನು, ಮಗಳು ಹೊರಡಬೇಕಿತ್ತು. ಮನೆ ಕೊಳ್ಳುವವರೇ ಇರಲಿಲ್ಲ.

"ಚಳಿಗಾಲದಲ್ಲಿ ಖಾಲಿ ಬಿಟ್ರೆ ಪೈಪ್ ಒಡ್ದುಹೋಗತ್ತಮ್ಮಾ. ಜನ ಇದ್ರೆ ಹೀಟ್ ಇರತ್ತೆ. ನಮ್ಮ ಸಂಸ್ಥೆಯವ್ರು ಕೊಡೋ ಬಾಡಿಗೆಗೇ ಕೊಟ್ಬಿಡಿ."

ನಮ್ಮವರು ಫೋನಿನಲ್ಲಿ ಎರಡು ದಿನ ಯೋಚಿಸಿ ಒಪ್ಪಿದರು. ನಾನು, "ನಮ್ಮನೆಗೂ ಪರೀಕ್ಷೆ ಉಂಟಾ ಅಂಕಲ್?" ಎಂದು ನಕ್ಕೆ.

"ಮತ್ತೆ? ನಿಮಗೇನು ಕೋಟಾನಾ?"

ಮನೆ ನೋಡಲು ಇರಾಕಿನ ಆ ಮಗಳೂ ಬಂದಿದ್ದಳು. ಕರೆಂಟು ಪಾಸು, ನೀರು ಪಾಸು, ಆಕ್ಸಿಜನ್ ಯಂತ್ರವೂ ಪಾಸು. ಅಂಕಲ್ ಡಿಶ್‌ವಾಷರಿನ ಬಾಗಿಲು ತೆಗೆದರು. ಒಳಗೆ ನನ್ನ ಇಡ್ಲಿ ತಟ್ಟೆ, ಬಾಣಲೆ, ಮುಚ್ಚಳಗಳು. ಎಷ್ಟೋ ವರ್ಷದಿಂದ ಅದು ನಮಗೆ ಪಾತ್ರೆ ಜೋಡಿಸುವ ಕಪಾಟು. ಅವರು ಎಲ್ಲ ಹೊರಗಿಟ್ಟು ಗುಂಡಿ ಒತ್ತಿದರು. ಒಣಗಿ ಬಿರುಕು ಬಿಟ್ಟಿದ್ದ ರಬ್ಬರಿನ ಸಂದಿಯಿಂದ ಅಡುಗೆಮನೆಯ ತುಂಬ ನೀರು! ಆಕೆ ಶೂ ಬಿಚ್ಚಿಟ್ಟು ನನ್ನ ಜೊತೆ ಒರೆಸಲು ಕೂತಳು. ನಾನೊಂದು ಹೇಳಿದೆ, ಅವಳೊಂದು ಹೇಳಿದಳು, ಇಬ್ಬರಿಗೂ ತಿಳಿಯಲಿಲ್ಲ, ಇಬ್ಬರೂ ನಕ್ಕೆವು.

"ಎಂಟು ವರ್ಷ ಇಲ್ಲೇ ಇದ್ದೀಯಲ್ಲಮ್ಮಾ, ಎಂಜಿನಿಯರ್ ಮನೆ ಬೇರೆ!" ಎಂದು ಅಂಕಲ್ ತಲೆ ಚಚ್ಚಿಕೊಂಡರು. ಮರುದಿನ ತಾವೇ ಹೊಸ ರಬ್ಬರು ತಂದು ಕೂರಿಸಿದರು.

ತಿಂಗಳು ಮುಗಿಯುವ ಮುಂಚೆಯೇ ತಾಯಿ ಮಗಳು ಆ ಮನೆಗೆ ಬಂದರು. ಅವರಿಗೆ ಆಶ್ರಯ ಸಿಕ್ಕಿದ್ದು ಅಲ್ಲಿದ್ದಾಗಲೇ. ಆಮೇಲೆ ಮಗಳು ಕೆಲಸ ಹಿಡಿದು ಬೇರೆ ಮನೆ ಮಾಡಿಕೊಂಡಳು. ನಮ್ಮ ಮನೆಯೂ ಮಾರಾಟವಾಯಿತು. ಅಂಕಲ್ ಜೊತೆಗಿನ ಫೋನು ಯುಗಾದಿ, ದೀಪಾವಳಿಗಷ್ಟೇ ಎಂದಾಯಿತು, ಆಮೇಲೆ ಅದೂ…

ಅವರು ತೀರಿಹೋದ ಸುದ್ದಿ ನನಗೆ ತಡವಾಗಿ ತಿಳಿದಿತ್ತು. ಮಗಳ ಅಪಾರ್ಟ್‌ಮೆಂಟಿನಿಂದ ಲೈಲ್‌ಗೆ ಬಂದವಳೇ ಆಂಟಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಕೇಳದೆ ಉಳಿದಿದ್ದನ್ನು ಕೇಳಿದೆ: ಗುರುತಿಲ್ಲದವರ ಮನೆಗಾಗಿ ಅಷ್ಟೆಲ್ಲ ಯಾಕೆ ಒದ್ದಾಡುತ್ತಿದ್ದರು?

ಆಂಟಿ ನಕ್ಕರು. "ನಂಗೇನ್ ಗೊತ್ತಮ್ಮ? ನಮ್ಮನೆ ಬಚ್ಚಲಿನ ಬಲ್ಬ್ ಹೋಗಿ ಯಾವ ಕಾಲ ಆಗಿತ್ತು. ಇವತ್ತು ಹಾಕ್ತೀನಿ, ನಾಳೆ ಹಾಕ್ತೀನಿ ಅಂತಾನೇ ಇದ್ರು."

ನಾನೂ ನಕ್ಕೆ. ಆಂಟಿ ಹೇಳಿದರು:

"ಮೊನ್ನೆ ನಾನೇ ಸ್ಟೂಲ್ ಹತ್ತಿ ಹಾಕ್ದೆ."